ತಿಪ್ಪೆಯಂಚಿನ ಮಣ್ಣು

ಸೊಸೆ ಮಾವನ ಕೈಗೆ ಬಟ್ಟೆಯ ಚೀಲ ಕೊಟ್ಟು ಮೂರು ಸಲ ಹೇಳಿದ್ದಳು. ಕೆಳಗಿನ ಹೊಲದಲ್ಲಿ ಹಾವು ಹರಿದ ಹಾಗೆ ಅಡ್ಡಾದಿಡ್ಡಿ ನಡೀಬೇಕು. ಹದಿನೈದು ಕಡೆ ಒಂದೊಂದು ಗೇಣು ಅಗೆದು ಮಣ್ಣು ತೆಗೀಬೇಕು. ಎಲ್ಲಾನೂ ಬಕೆಟ್ಟಿನಲ್ಲಿ ಕಲಸಿ ಅರ್ಧ ಕೇಜಿ ತುಂಬಬೇಕು. ಬದುವಿನ ಮೇಲೆ ಬೇಡ, ಮರದ ಬುಡದಲ್ಲಿ ಬೇಡ, ತಿಪ್ಪೆಯ ಹತ್ತಿರವಂತೂ ಬೇಡವೇ ಬೇಡ.

ಮಾವ ತಿಪ್ಪೆಯ ಹತ್ತಿರವೇ ಹೋದ.

ಹೋಗುವ ಮುಂಚೆ ಹೊಲಕ್ಕೂ ಹೋಗಿದ್ದ, ಸುಳ್ಳಲ್ಲ. ಒಂದು ಕಡೆ ಗುದ್ದಲಿ ಹಾಕಿದ. ಮಣ್ಣು ಹೆಂಚಿನ ಚೂರಿನ ಹಾಗೆ ಬಿಲ್ಲೆಬಿಲ್ಲೆಯಾಗಿ ಎದ್ದಿತು. ಬಣ್ಣ ಬೂದಿ, ವಾಸನೆ ಇಲ್ಲ, ಒಂದು ಹುಳವಿಲ್ಲ. ಅಗೆದ ಗುಂಡಿಯನ್ನು ಗುದ್ದಲಿಯಿಂದಲೇ ಮುಚ್ಚಿದ. ಸೊಸೆ ಕೆಲಸ ಮಾಡುವುದು ಪೇಟೆಯ ಮಣ್ಣು ಪರೀಕ್ಷೆ ಲ್ಯಾಬಿನಲ್ಲಿ. ಅಲ್ಲಿ ಹತ್ತು ಜನ ಇರುತ್ತಾರೆ. ಹತ್ತು ಜನರ ಮುಂದೆ ಈ ಚೀಲ ಬಿಚ್ಚುತ್ತಾರೆ. ನಿಮ್ಮನೆ ಮಣ್ಣು ಹೀಗಾ ಅಂತ ಯಾರಾದರೂ ಸೊಸೆಯ ಮುಖ ನೋಡಿದರೆ? ನೆಂಟರು ಬಂದಾಗ ಹರಿದ ಚಾಪೆಯನ್ನು ಮಂಚದ ಕೆಳಗೆ ತಳ್ಳುವ ಮನೆಯವನು ಅವನು. ಗುದ್ದಲಿ ಹೆಗಲಿಗೇರಿಸಿ ದನದ ಕೊಟ್ಟಿಗೆಯ ಹಿಂದೆ ಬಂದು ತಿಪ್ಪೆಯ ಅಂಚಿನಲ್ಲಿ ಅಗೆದ. ಕಪ್ಪಗೆ, ಪುಡಿಪುಡಿಯಾಗಿ, ಕೈಗೆ ತಂಪಾಗಿತ್ತು ಮಣ್ಣು. ಚೀಲ ತುಂಬಿ ಬಾಯಿ ಕಟ್ಟಿದ.

ಪರೀಕ್ಷೆ ಸುಮ್ಮನೆ ಮಾಡಿಸುತ್ತಿದ್ದದ್ದಲ್ಲ. ಕೆಳಗಿನ ಹೊಲದ ಮೆಕ್ಕೆಜೋಳ ಮೂರು ವರ್ಷದಿಂದ ಇಳಿಯುತ್ತಲೇ ಇತ್ತು. ಎಲೆಯ ಅಂಚು ಬೆಂಕಿ ತಗುಲಿದ ಹಾಗೆ ಸುಟ್ಟುಕೊಳ್ಳುತ್ತಿತ್ತು. ತೆನೆ ಅರ್ಧ ತುಂಬಿ ಅರ್ಧ ಬೋಳು. ಇಟ್ಟಿಗೆ ಭಟ್ಟಿಯವನು ಎರಡು ಸಲ ಬಂದು ಹೊಲ ನೋಡಿಕೊಂಡು ಹೋಗಿದ್ದ. ಮೇಲಿನ ಮೂರಡಿ ಮಣ್ಣು ಕೊಟ್ಟುಬಿಡಿ, ಮೂರು ವರ್ಷದ ಬೆಳೆಯ ದುಡ್ಡು ಒಂದೇ ಕೈಲಿ ಎಣಿಸಿಕೊಡ್ತೀನಿ ಅಂದಿದ್ದ. ಮಗನಿಗೆ ಮನಸ್ಸು ಅತ್ತ ವಾಲಿತ್ತು. ಮಾವನ ಮೊಣಕಾಲು ಹೋದ ಮೇಲೆ ಆರು ವರ್ಷದಿಂದ ಬೇಸಾಯ ಅವನದ್ದೇ.

"ಮಣ್ಣು ಮಾರೋ ಮುಂಚೆ ಅದಕ್ಕೆ ಏನಾಗಿದೆ ಅಂತ ನೋಡೋಣ. ಕಾಯಿಲೆ ಅಂತ ಗೊತ್ತಾಗೋ ಮುಂಚೆ ಹೆಣ ಎತ್ತೋರು ಯಾರಿದ್ದಾರೆ?" ಅಂದಿದ್ದಳು ಸೊಸೆ.

"ಪರೀಕ್ಷೇಲಿ ಮಣ್ಣು ಕೆಟ್ಟಿದೆ ಅಂತ ಬಂದ್ರೆ?" ಗಂಡ ಕೇಳಿದ್ದ.

"ಆಗ ಮದ್ದು ಮಾಡೋಣ."

"ಚೆನ್ನಾಗಿದೆ ಅಂತ ಬಂದ್ರೆ?"

ಸೊಸೆ ಬಟ್ಟೆಯ ಚೀಲ ಹುಡುಕಲು ಎದ್ದಿದ್ದಳು.

ಹದಿನೆಂಟನೆಯ ದಿನ ವರದಿಯ ಚೀಟಿ ಬಂತು. ರಾತ್ರಿ ಊಟಕ್ಕೆ ಕೂತಾಗ ಸೊಸೆ ಓದಿದಳು. ಹುಳಿಯೂ ಇಲ್ಲ ಉಪ್ಪೂ ಇಲ್ಲ, ಸಮ. ಸಾವಯವ ಅಂಶ ಹೆಚ್ಚು. ಪೊಟ್ಯಾಷ್ ಬೇಕಾದಷ್ಟು. ಓದುತ್ತ ಓದುತ್ತ ಅವಳ ದನಿ ಸಣ್ಣದಾಯಿತು. ಸುಟ್ಟ ಎಲೆಯನ್ನು ಅವಳೇ ಕಣ್ಣಾರೆ ಕಂಡವಳು.

ಅತ್ತೆ ರೊಟ್ಟಿ ಬಡಿಸುತ್ತ ಕೇಳಿಯೇಬಿಟ್ಟಳು. "ಮಣ್ಣು ಇಷ್ಟು ಚಿನ್ನದಂಥದ್ದಾದ್ರೆ ಬೆಳೆಗೇನು ಬಂತು ದೊಡ್ಡ ರೋಗ?"

ಎಲ್ಲರೂ ಮಾವನ ಕಡೆ ನೋಡಿದರು. ಹೊಲದ ಮಾತು ಬಂದರೆ ಇನ್ನೂ ಅವನ ಕಡೆಯೇ ನೋಡುವ ರೂಢಿ. ಮಾವ ಬೇಳೆಗೆ ರೊಟ್ಟಿ ಅದ್ದಿದ, ಬಾಯಿಗಿಡಲಿಲ್ಲ.

"ಮಣ್ಣು ಮಾತ್ರ ಇದ್ರೆ ಆಯ್ತಾ? ಮಾಡೋರ ಕೈನೂ ಇರಬೇಕು" ಅಂದ.

ಮಾತು ಬಾಯಿಂದ ಜಾರಿದ್ದು. ಜಾರಿದ ಮಾತಿಗೆ ಮೂಗುದಾರ ಎಲ್ಲಿ?

"ಅಂದ್ರೆ?" ಮಗ ಕೇಳಿದ.

"ಅಂದ್ರೆ ಏನಿಲ್ಲ. ಊಟ ಮಾಡು."

"ಇಲ್ಲ ಹೇಳಿ. ಆರು ವರ್ಷದಿಂದ ಬೆಳಗ್ಗೆ ಎದ್ದು ಮಣ್ಣು ತಿಂತಾ ಇರೋನು ನಾನು. ನೀವು ಹಾಕ್ತಿದ್ದಷ್ಟೇ ಗೊಬ್ಬರ ಹಾಕಿದೆ. ನೀವು ಬಿತ್ತಿದ ದಿನವೇ ಬಿತ್ತಿದೆ. ಕೈ ಮಾತ್ರ ನನ್ನದು. ಹಾಗಾದ್ರೆ ಕೆಟ್ಟಿದ್ದು ಈ ಕೈ."

"ನಾನು ಹಾಗಂದ್ನಾ?"

"ಚೀಟಿ ಅಂತಿದೆಯಲ್ಲ." ಮಗ ತಟ್ಟೆಯಲ್ಲೇ ಕೈ ತೊಳೆದು ಎದ್ದ. ಅರ್ಧ ರೊಟ್ಟಿ ತಟ್ಟೆಯ ನೀರಲ್ಲಿ ನೆನೆಯಿತು.

ಆ ವಾರ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು. ಮಗ ಹಸುವಿಗೆ ಹುಲ್ಲು ಹಾಕುವುದು ಬಿಡಲಿಲ್ಲ, ಆದರೆ ಹೊಲದ ದಾರಿ ಬಿಟ್ಟ. ಮಾವ ನೀರು ಕೇಳಬೇಕಾದರೆ ಹೆಂಡತಿಗೆ ಹೇಳುತ್ತಿದ್ದ, ಅವಳು ಮಗನಿಗೆ ಹೇಳುತ್ತಿದ್ದಳು, ಮಗ ಲೋಟ ತಂದು ನೆಲದ ಮೇಲಿಟ್ಟು ಹೋಗುತ್ತಿದ್ದ. ಐದನೆಯ ದಿನ ಅವನು ಇಟ್ಟಿಗೆ ಭಟ್ಟಿಗೆ ಹೋಗಿ ಬಂದ.

"ಶನಿವಾರ ಬೆಳಗ್ಗೆ ಬರ್ತಾನೆ" ಅಂದ ಹೆಂಡತಿಗೆ. "ಮಣ್ಣು ಅವನಿಗೆ. ನನಗೆ ಅಲ್ಲೇ ಲಾರಿ ಲೆಕ್ಕ ಬರೆಯೋ ಕೆಲಸ ಕೊಡ್ತಾನಂತೆ. ಕೆಟ್ಟ ಕೈಗೆ ಬರವಣಿಗೆ ಆದ್ರೂ ಬರುತ್ತಾ ನೋಡೋಣ."

"ಮಾವನ ಸಹಿ ಬೇಕಲ್ಲ?"

"ಹಾಕ್ತಾರೆ. ಬೇಡ ಅನ್ನೋಕೆ ಅವರಿಗೆ ಯಾವ ಮಾತು ಉಳಿದಿದೆ?"

ಮೂರಡಿ ಮಣ್ಣು ಅಂದರೆ ಮೂರಡಿ ಮಣ್ಣಲ್ಲ. ಅದು ಹೋದರೆ ಕೆಳಗಿರುವುದು ಜಲ್ಲಿ. ಅದರ ಮೇಲೆ ಮಳೆ ಬಿದ್ದರೆ ಕೆರೆ, ಬಿಸಿಲು ಬಿದ್ದರೆ ಬಂಡೆ. ಮೊಮ್ಮಕ್ಕಳ ಕಾಲಕ್ಕೂ ಅಲ್ಲಿ ಒಂದು ಹುಲ್ಲು ಎದ್ದರೆ ಪುಣ್ಯ. ಇದು ಸೊಸೆಗೆ ಗೊತ್ತಿತ್ತು. ಗೊತ್ತಿದ್ದೂ ಚೀಟಿಯ ಎದುರು ಅವಳ ಬಾಯಿ ಕಟ್ಟಿತ್ತು. ಆ ಚೀಟಿ ಅವಳ ಲ್ಯಾಬಿನದ್ದೇ.

ಲ್ಯಾಬಿನಲ್ಲಿ ಅವಳ ಕೆಲಸ ಮೇಜಿನ ಮುಂದೆ ಕೂರುವುದಲ್ಲ. ಬಂದ ಮಣ್ಣನ್ನು ನೆರಳಲ್ಲಿ ಹರವಿ ಒಣಗಿಸಬೇಕು, ಮರದ ಕೊಡತಿಯಿಂದ ಹೆಂಟೆ ಒಡೆಯಬೇಕು, ಜರಡಿ ಹಿಡಿಯಬೇಕು. ದಿನಕ್ಕೆ ಮೂವತ್ತು ಚೀಲ. ಯಾವ ಚೀಲ ಯಾರದ್ದೆಂದು ಅವಳಿಗೂ ಗೊತ್ತಾಗುವುದಿಲ್ಲ. ಬಾಗಿಲಲ್ಲೇ ಹೆಸರು ಕಿತ್ತು ನಂಬರು ಕಟ್ಟುತ್ತಾರೆ. ಜರಡಿಯ ಮೇಲೆ ಉಳಿದ ಕಸಕಡ್ಡಿಯನ್ನು ಅದೇ ನಂಬರಿನ ಕಾಗದದ ಪೊಟ್ಟಣದಲ್ಲಿ ಕಟ್ಟಿ ಒಂದು ತಿಂಗಳು ಇಡುವುದು ಅಲ್ಲಿನ ನಿಯಮ.

ಗುರುವಾರ ಮಧ್ಯಾಹ್ನ ಊಟ ಬಿಟ್ಟು ಅವಳು ಚೀಟಿಯ ನಂಬರು ಹಿಡಿದು ಕಪಾಟು ಹುಡುಕಿದಳು. ಪೊಟ್ಟಣ ಸಿಕ್ಕಿತು. ಬಿಚ್ಚಿದಳು. ಇದ್ದಿಲ ಚೂರು. ಮೊಟ್ಟೆಯ ಸಿಪ್ಪೆ. ಈರುಳ್ಳಿಯ ಒಣಗಿದ ಬೇರು. ಮತ್ತೆ ಬೆರಳಿನ ಉಗುರಿನಷ್ಟು ಪಿಂಗಾಣಿ ಚೂರು, ಬಿಳಿಯ ಮೇಲೆ ನೀಲಿ ಗೆರೆ.

ಆ ತಟ್ಟೆಯಲ್ಲಿ ಅವಳೇ ಎರಡು ವರ್ಷ ಉಂಡಿದ್ದಳು.

ಸಂಜೆ ಅಡುಗೆಮನೆಯಲ್ಲಿ ಅತ್ತೆ ಬದನೆಕಾಯಿ ಹೆಚ್ಚುತ್ತಿದ್ದಳು. ಸೊಸೆ ಚೂರನ್ನು ಮಣೆಯ ಪಕ್ಕ ಇಟ್ಟಳು.

"ಇದೇನೇ? ನಾನು ಒಡೆದ ತಟ್ಟೆ. ಕೊಟ್ಟಿಗೆ ಹಿಂದೆ ಎಸೆದಿದ್ದೆ. ಎಲ್ಲಿ ಸಿಕ್ತು?"

"ನಮ್ಮ ಹೊಲದ ಮಣ್ಣಲ್ಲಿ."

ಅತ್ತೆ ಚಾಕು ಕೆಳಗಿಟ್ಟಳು. ಆಮೇಲೆ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಬಂದ ನೀರು ಬೇಗ ನಿಲ್ಲಲಿಲ್ಲ.

"ಅದಕ್ಕೇ ಚೀಟೀಲಿ ಚಿನ್ನ ಅಂತ ಬಂತು. ತಿಪ್ಪೆ ಗೊಬ್ಬರ ಹೊಲ ಕಂಡು ಮೂವತ್ತು ವರ್ಷ ಆಯ್ತು ಕಣೇ. ಯೂರಿಯಾ ಚೀಲ ಬಂದ ಮೇಲೆ ಹೊರೋರು ಯಾರು, ಹರವೋರು ಯಾರು. ಎಲ್ಲಾ ನನ್ನ ಬದನೆ ಗಿಡಕ್ಕೆ." ಒಂದು ಕಾಯಿ ಎತ್ತಿ ತೋರಿಸಿದಳು. ಕೂಸಿನ ತಲೆಯಷ್ಟಿತ್ತು. "ಈಗೇನು, ಗಂಡನಿಗೆ ಹೇಳ್ತೀಯಾ?"

"ಹೇಳಿದ್ರೆ ಅಪ್ಪ ಮಗ ಸಾಯೋವರೆಗೂ ಮುಖ ನೋಡಲ್ಲ."

"ಹೇಳದೇ ಇದ್ರೆ ಶನಿವಾರ ಲಾರಿ ಬರುತ್ತೆ."

ಸೊಸೆ ಮೂರನೆಯ ದಾರಿ ಹಿಡಿದಳು. ಶುಕ್ರವಾರ ಊಟದ ಹೊತ್ತಿಗೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ನನ್ನಿಂದ ಒಂದು ತಪ್ಪಾಗಿದೆ. ಜರಡಿ ಹಿಡಿಯೋವಾಗ ಎರಡು ಚೀಲ ಬೆರೆತುಹೋಗಿತ್ತು. ಆ ಚೀಟಿ ನಮ್ಮ ಮಣ್ಣಿಂದಲ್ಲ. ಇನ್ನೊಂದು ಸಲ ತೆಗೆಯೋಣ."

ಗಂಡ ತಲೆ ಎತ್ತಿದ. "ಇದನ್ನ ಈಗ ಹೇಳ್ತೀಯಾ? ನಾಳೆ ಅವನು ಬರೋ ಹೊತ್ತಿಗೆ?"

"ಈಗ ಗೊತ್ತಾಯ್ತು."

"ಮೂವತ್ತು ಮನೆ ಮಣ್ಣು ದಿನಾ ನಿನ್ನ ಕೈಲಿ. ಇದೇನಾ ಅಲ್ಲಿ ನಡೆಯೋದು? ಲ್ಯಾಬಲ್ಲಿ ಬಾಯಿ ಬಿಡಬೇಡ, ಇರೋ ಒಂದು ಕೆಲಸಾನೂ ಹೋಗುತ್ತೆ. ಈ ಮನೇಲಿ ಕೈ ಕೆಟ್ಟಿರೋದು ನನ್ನೊಬ್ಬನದ್ದೇ ಅಂದ್ಕೊಂಡಿದ್ದೆ."

ಸೊಸೆ ತಲೆ ತಗ್ಗಿಸಿ ಅನ್ನ ಕಲಸಿದಳು. ಅತ್ತೆ ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ಮಾವ ಸೊಸೆಯನ್ನೇ ನೋಡುತ್ತಿದ್ದ. ಆರು ವರ್ಷದಲ್ಲಿ ಈ ಹುಡುಗಿ ಉಪ್ಪಿನ ಡಬ್ಬಿಯನ್ನು ಸಕ್ಕರೆಯ ಜಾಗದಲ್ಲಿ ಇಟ್ಟದ್ದಿಲ್ಲ. ಚೀಲ ಬೆರೆಸುತ್ತಾಳೆಯೇ? ಅವಳಿಗೆ ಗೊತ್ತಾಗಿದೆ. ಗೊತ್ತಾಗಿ ಬೈಗುಳ ತಾನು ತಿನ್ನುತ್ತಿದ್ದಾಳೆ. ಮಾವ ಕೈ ತೊಳೆಯದೆ ಬಹಳ ಹೊತ್ತು ಕೂತಿದ್ದ. ಬೆರಳಿಗೆ ಮೆತ್ತಿದ ಅನ್ನ ಒಣಗಿತು.

ಶನಿವಾರ ಬೆಳಗ್ಗೆ ಎಂಟಕ್ಕೆಲ್ಲ ಇಟ್ಟಿಗೆಯವನು ಬಂದ. ಬರುವಾಗಲೇ ಹೊಲದಲ್ಲಿ ಕಬ್ಬಿಣದ ಸರಳು ಚುಚ್ಚಿ ನೋಡಿಕೊಂಡು ಬಂದಿದ್ದ. ನಗುಮುಖದ ಮನುಷ್ಯ, ಚಹಾಕ್ಕೆ ಸಕ್ಕರೆ ಜಾಸ್ತಿ ಕೇಳಿದ.

"ಏನು 'ಇನ್ನೊಂದು ಚೀಲ' ಅವರೇ, ಮೊಣಕಾಲು ಹೇಗಿದೆ?" ಅಂದ. ಮಾವನಿಗೆ ಊರಿಟ್ಟ ಹೆಸರು ಅದು. ಅಂಗಡಿಯಲ್ಲಿ ಎಷ್ಟೇ ಯೂರಿಯಾ ಕೊಂಡರೂ ಗಾಡಿ ಹೊರಡುವಾಗ ಇನ್ನೊಂದು ಚೀಲ ಹಾಕು ಅನ್ನುತ್ತಿದ್ದನಂತೆ. "ಮೂರಡಿ ನನಗೆ, ಉಳಿದದ್ದೆಲ್ಲ ನಿಮಗೆ. ಭೂಮಿಯ ಹೊಟ್ಟೆವರೆಗೂ ನಿಮ್ಮದೇ. ನಷ್ಟ ಏನಿಲ್ಲ." ತನ್ನ ಮಾತಿಗೆ ತಾನೇ ನಕ್ಕು ಕಾಗದ ಬಿಚ್ಚಿದ.

ಮಗ ಪೆನ್ನು ತಂದು ಅಪ್ಪನ ಮುಂದೆ ಹಿಡಿದ.

ಮಾವ ಪೆನ್ನು ತೆಗೆದುಕೊಳ್ಳಲಿಲ್ಲ. "ಒಂದು ಮಾತು ಹೇಳಬೇಕು. ಹೊರಗಿನವರು ಇದ್ದಾರೆ, ಇರಲಿ. ಇರೋವಾಗಲೇ ಹೇಳ್ತೀನಿ. ಆ ಮಣ್ಣು ಹೊಲದ್ದಲ್ಲ. ನಾನು ತಿಪ್ಪೆ ಹತ್ತಿರ ತುಂಬಿದ್ದು."

ಮಗ ಪೆನ್ನು ಹಿಂದಕ್ಕೆ ತೆಗೆದುಕೊಂಡ.

"ಸೊಸೆ ಏನೂ ಬೆರೆಸಿಲ್ಲ. ನಿನ್ನ ಕೈಯೂ ಕೆಟ್ಟಿಲ್ಲ. ಮಣ್ಣು ಕೆಟ್ಟಿದೆ. ನಾನು ನಿನಗೆ ಕೊಡೋವಾಗಲೇ ಕೆಟ್ಟಿತ್ತು."

"ಯಾಕಪ್ಪಾ?" ಮಗ ಕೇಳಿದ. ಸಿಟ್ಟಿನಿಂದಲ್ಲ, ನಿಜಕ್ಕೂ ಅರ್ಥವಾಗದೆ.

"ಇವಳ ಜೊತೆಯವರೆಲ್ಲ ನೋಡ್ತಾರಲ್ಲಪ್ಪ. ಇಂಥ ಮನೆಗೆ ಬಂದಿದ್ದಾಳಾ ಅಂತ."

"ಮಾವ, ಅಲ್ಲಿ ಯಾರ ಹೆಸರೂ ಇರಲ್ಲ. ಬರೀ ನಂಬರು" ಅಂದಳು ಸೊಸೆ ಮೆಲ್ಲಗೆ.

ಮಾವ ಅವಳ ಮುಖ ನೋಡಿದ. ಒಂದು ನಂಬರಿಗೆ ನಾಚಿ ಮಗನ ಮೇಲೆ ಕಲ್ಲು ಹೊರಿಸಿದ್ದ. "ಮೊದಲ ವರ್ಷ ಗೊಬ್ಬರದ ಕಂಪನಿಯೋರು ಯೂರಿಯಾನ ಜೀಪಲ್ಲಿ ತಂದು ಪುಕ್ಕಟೆ ಹಂಚಿದ್ರು. ಒಂದಕ್ಕೆ ಎರಡು ಬೆಳೀತು. ಸುಳ್ಳು ಹೇಳಬಾರದು, ಈ ಗೋಡೆ, ನಿನ್ನ ಓದು, ಎಲ್ಲಾ ಆ ಬಿಳಿ ಕಾಳಿಂದಲೇ. ಹತ್ತು ವರ್ಷ ಆದ ಮೇಲೆ ಬೆಳೆ ಇಳೀತು. ಹೋಗಿ ಕೇಳಿದೆ. ಇನ್ನೊಂದು ಚೀಲ ಹಾಕು ಅಂದ್ರು. ಹಾಕಿದೆ. ಮತ್ತೆ ಇಳೀತು, ಮತ್ತೆ ಕೇಳಿದೆ, ಮತ್ತೆ ಅದೇ ಮಾತು. ಹೆಸರು ನನಗಿಟ್ರು, ಮಾತು ಅವರದ್ದು. ಮೂವತ್ತೊಂದು ವರ್ಷದಲ್ಲಿ ಚೀಲ ಎಣಿಸಿದೋರು ಸಾಕಷ್ಟು ಜನ ಬಂದ್ರು. ಮಣ್ಣು ಕೈಲಿ ಹಿಡಿದು ನೋಡಿದೋನು ಒಬ್ಬ ಬರಲಿಲ್ಲ. ನಾನೂ ನೋಡಲಿಲ್ಲ."

ಚೀಲ ಮಾರಿದವರು, ಚೀಲದ ಮೇಲೆ ನಗುವ ರೈತನ ಚಿತ್ರ ಅಚ್ಚು ಹಾಕಿಸಿದವರು, ಹೆಚ್ಚು ಬೆಳೆದವನಿಗೆ ಹಾರ ಹಾಕಿ ಕೈ ಕುಲುಕಿದವರು, ಅವರಲ್ಲಿ ಒಬ್ಬರೂ ಆ ಬೆಳಗ್ಗೆ ಆ ಜಗುಲಿಯ ಮೇಲಿರಲಿಲ್ಲ. ತಪ್ಪು ಒಪ್ಪಿಕೊಳ್ಳಲು ಉಳಿದಿದ್ದವನು ಮೊಣಕಾಲು ಮಡಚಲಾಗದ ಈ ಒಬ್ಬನೇ.

ಇಟ್ಟಿಗೆಯವನು ಚಹಾ ಮುಗಿಸಿ ಲೋಟ ಕೆಳಗಿಟ್ಟ. "ಅಯ್ಯೋ, ಇದಕ್ಕೆಲ್ಲ ಯಾಕೆ ಬೇಜಾರು? ಇಟ್ಟಿಗೆಗೆ ಸತ್ತ ಮಣ್ಣೇ ಒಳ್ಳೇದು. ಬೇರು ಇಲ್ಲ, ಹುಳ ಇಲ್ಲ, ಸುಟ್ಟರೆ ಬಿರುಕು ಬಿಡಲ್ಲ. ನನಗೇನೂ ತಕರಾರಿಲ್ಲ."

"ಸತ್ತಿಲ್ಲ ಅದು" ಅಂದಳು ಸೊಸೆ.

"ಸರಳು ಚುಚ್ಚಿ ನೋಡಿದ್ದೀನಮ್ಮ. ಒಂದು ಗೇಣು ಹೋಗಿ ಟಣ್ ಅಂತು."

"ದಿನಾ ಮೂವತ್ತು ಮಣ್ಣು ಕುಟ್ತೀನಿ ನಾನು. ಇದಕ್ಕಿಂತ ಕೆಟ್ಟದ್ದು ಬಂದು, ಮೂರು ವರ್ಷ ಬಿಟ್ಟು ಮೆತ್ತಗಾಗಿ ಮತ್ತೆ ಬಂದದ್ದನ್ನೂ ಕುಟ್ಟಿದ್ದೀನಿ."

ಮಗ ಹೆಂಡತಿಯ ಕಡೆ ತಿರುಗಿದ. "ಮೂರು ವರ್ಷಾನಾ?"

"ಮೂರು ವರ್ಷ. ಮೊದಲ ವರ್ಷ ಬೆಳೆ ಹೆಚ್ಚುತ್ತೆ ಅಂತ ನಾನು ಹೇಳಲ್ಲ. ಯೂರಿಯಾ ಪೂರ್ತಿ ಬಿಡೋದೂ ಬೇಡ. ಅಳತೆಗೆ ಹಾಕೋದು, ಉಳಿದದ್ದಕ್ಕೆ ತಿಪ್ಪೆ."

"ನನ್ನ ಬದನೆ ಗಿಡಕ್ಕೆ?" ಅಂದಳು ಅತ್ತೆ ಬಾಗಿಲಿಂದ.

ಯಾರೋ ಮೊದಲು ನಕ್ಕರು. ಮಗನೇ ಇರಬೇಕು. ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡ. ಇಟ್ಟಿಗೆಯವನಿಗೆ, "ಇನ್ನೊಂದು ಚಹಾ ಕುಡಿದು ಹೋಗಿ" ಅಂದ.

"ಲಾರಿ ಲೆಕ್ಕದ ಕೆಲಸ?"

"ನನ್ನ ಅಕ್ಷರ ಚೆನ್ನಾಗಿಲ್ಲ."

ಅದೇ ದಿನ ಹನ್ನೊಂದು ಗಂಟೆಗೆ ನಾಲ್ವರೂ ಹೊಲಕ್ಕೆ ಇಳಿದರು. ಮಗ ಅಗೆದ, ಸೊಸೆ ಬಕೆಟ್ಟು ಹಿಡಿದಳು, ಅತ್ತೆ ನೀರಿನ ತಂಬಿಗೆ ತಂದಳು. ಮಾವ ಕೋಲೂರಿ ಮುಂದೆ ಮುಂದೆ ನಡೆದು, "ಇಲ್ಲಿ ಅಗಿ, ಇಲ್ಲಿ ಪೂರಾ ಸುಟ್ಟುಹೋಗುತ್ತೆ. ಅಲ್ಲಿ ಅಗಿ, ನೀರು ನಿಂತು ನಾರುತ್ತೆ" ಅಂತ ತೋರಿಸತೊಡಗಿದ.

"ಮಾವ, ಕೆಟ್ಟ ಜಾಗವನ್ನೇ ಆರಿಸಿದ್ರೆ ಅದೂ ಸುಳ್ಳೇ ಆಗುತ್ತೆ" ಅಂದಳು ಸೊಸೆ. "ಸುಮ್ನೆ ನಡೀರಿ. ಕಾಲು ಹೋದ ಕಡೆ."

"ನನ್ನ ಕಾಲು ಎಲ್ಲೂ ಹೋಗಲ್ಲ ಕಣಮ್ಮ, ಅದೇ ತೊಂದರೆ."

ಎರಡನೆಯ ಚೀಟಿ ಸಿಹಿಯಾಗಿರಲಿಲ್ಲ. ಹುಳಿ ಮಣ್ಣು, ಸಮಕ್ಕೆ ಏಳು ಇರಬೇಕಾದ ಕಡೆ ನಾಲ್ಕು ಪಾಯಿಂಟು ಎಂಟು. ಸಾವಯವ ಅಂಶ ತೀರಾ ಕಡಿಮೆ. ಪೊಟ್ಯಾಷ್ ಕಡಿಮೆ. ಊಟದ ಹೊತ್ತಿಗೆ ಸೊಸೆ ಓದಿದಾಗ ಯಾರೂ ಎದ್ದು ಹೋಗಲಿಲ್ಲ. ಮಗ ರೊಟ್ಟಿ ಜಗಿಯುತ್ತ, "ಹುಳಿಗೆ ಏನು ಮಾಡ್ತಾರೆ?" ಅಂದ. ಸುಣ್ಣ ಅಂದಳು. ಸುಟ್ಟ ಸುಣ್ಣವಲ್ಲ, ಸುಣ್ಣದ ಕಲ್ಲಿನ ಪುಡಿ. ಮರುವಾರ ಕೈಗೆ ಸಿಕ್ಕಷ್ಟು ತಂದರು. ಹೊಲದ ಅರ್ಧಕ್ಕೆ ಸಾಕಾಯಿತು, ಉಳಿದರ್ಧ ಹಾಗೇ ಬಿಟ್ಟರು. ತಿಪ್ಪೆಯನ್ನು ಮಗ ಮತ್ತು ಸೊಸೆ ಬುಟ್ಟಿ ಬುಟ್ಟಿಯಾಗಿ ಒಂಬತ್ತು ದಿನ ಹೊತ್ತರು. ಹತ್ತು ಬುಟ್ಟಿ ಮಾತ್ರ ಅತ್ತೆ ಬದನೆಗೆಂದು ಅಡ್ಡ ನಿಂತು ಉಳಿಸಿಕೊಂಡಳು. ಈ ಸಲ ಮೆಕ್ಕೆಜೋಳ ಬೇಡ ಅಂತ ಹೊಲಕ್ಕೆಲ್ಲ ಅಲಸಂದೆ ಬಿತ್ತಿದರು. ಗೊಬ್ಬರದ ಅಂಗಡಿಯವನು ದಾರಿಯಲ್ಲಿ ಸಿಕ್ಕಿ, "ಏನು, ಈ ವರ್ಷ ಕಾಣಲೇ ಇಲ್ಲ?" ಅಂದಾಗ ಮಾವ, "ಮಣ್ಣಿಗೆ ಪಥ್ಯ ನಡೀತಿದೆ" ಅಂದು ಮುಂದೆ ನಡೆದ.

ಬಿತ್ತಿ ಐದು ವಾರವಾಗಿತ್ತು. ಒಂದು ಬೆಳಗ್ಗೆ ಲ್ಯಾಬಿನ ಕಿಟಕಿಯ ಮುಂದೆ ಎಂದಿನ ಹಾಗೆ ಸಾಲು ನಿಂತಿತ್ತು. ಸೊಸೆ ಕೊಡತಿ ಹಿಡಿದು ಒಳಗಿದ್ದಳು. ಮೂರನೆಯವನಾಗಿ ಮಾವ ನಿಂತಿದ್ದ. ಕೋಲು ಕಂಕುಳಲ್ಲಿ, ಕೈಯಲ್ಲಿ ಒದ್ದೆ ಬಟ್ಟೆ ಸುತ್ತಿದ ಎರಡು ಗಿಡ. ಬಸ್ಸು ಹಿಡಿದು ಒಬ್ಬನೇ ಬಂದಿದ್ದ.

"ಏನಾಯ್ತು ಮಾವ?" ಅವಳು ಓಡಿ ಬಂದಳು.

"ಮತ್ತೆ ಕೆಡ್ತು ಅನ್ಸುತ್ತೆ ಕಣಮ್ಮ. ಬೇರಿಗೆಲ್ಲ ಗಂಟು ರೋಗ." ಬಟ್ಟೆ ಬಿಚ್ಚಿದ. ಒಂದು ಗಿಡದ ಬೇರಿನ ತುಂಬ ಸಾಸಿವೆಯಿಂದ ಬಟಾಣಿಯವರೆಗಿನ ಗಂಟುಗಳು ಮುತ್ತಿಕೊಂಡಿದ್ದವು. ಇನ್ನೊಂದರಲ್ಲಿ ಅಲ್ಲೊಂದು ಇಲ್ಲೊಂದು.

"ತುಂಬ ಗಂಟಿರೋದು ಯಾವ ಕಡೇದು?"

"ಸುಣ್ಣ ಹಾಕಿದ ಕಡೇದು. ಅದೇ ಹೆದರಿಕೆ ನನಗೆ. ಹಾಕದ ಕಡೆ ಅಷ್ಟಿಲ್ಲ."

ಸೊಸೆ ದಪ್ಪನೆಯ ಒಂದು ಗಂಟನ್ನು ಉಗುರಿನಿಂದ ಸೀಳಿದಳು. ಒಳಗೆ ಕೆಂಪಗಿತ್ತು, ಎಳೆಮಗುವಿನ ಒಸಡಿನ ಹಾಗೆ. ಇನ್ನೊಂದು ಗಿಡದ್ದನ್ನು ಸೀಳಿದಳು. ಬಿಳಿ.

"ರೋಗ ಅಲ್ಲ ಮಾವ. ಕೆಂಪಿದ್ರೆ ಕೆಲಸ ನಡೀತಿದೆ ಅಂತ ಅರ್ಥ. ಯೂರಿಯಾದಲ್ಲಿರೋ ಸತ್ವಾನೇ ಈ ಗಂಟುಗಳು ಗಾಳಿಯಿಂದ ಹಿಡಿದು ಗಿಡಕ್ಕೆ ಗೊಬ್ಬರ ಮಾಡಿ ಕೊಡ್ತವೆ. ಯೂರಿಯಾ ಸುರಿಯೋವಾಗ, ಮಣ್ಣು ಹುಳಿ ಇರೋವಾಗ ಇವು ಸರಿಯಾಗಿ ಕಟ್ಟೋದಿಲ್ಲ."

"ಪುಕ್ಕಟೆನಾ?"

"ಪುಕ್ಕಟೆ. ಜೀಪೂ ಬೇಡ."

ಸಾಲಿನಲ್ಲಿದ್ದವರು ಸಾಲು ಬಿಟ್ಟು ಸುತ್ತ ಸೇರಿದರು. ಯಾರದೋ ಕೈ ಬೇರಿನ ಕಡೆ ಬಂತು. ಇನ್ನೊಬ್ಬ, "ನಿಮ್ಮ ಮಣ್ಣು ಒಳ್ಳೇದಿರಬೇಕು ಬಿಡಿ" ಅಂದ.

"ಎಲ್ಲಿಯ ಒಳ್ಳೇದು" ಅಂದ ಮಾವ, ಕಿಟಕಿಯೊಳಗಿನ ಹತ್ತೂ ಜನಕ್ಕೆ ಕೇಳುವ ಹಾಗೆ. "ನಾಲ್ಕು ಪಾಯಿಂಟು ಎಂಟು. ಕೆಟ್ಟ ಹುಳಿ. ಮೂವತ್ತೊಂದು ವರ್ಷ ನಾನೇ ಕೈಯಾರೆ ಮಾಡಿದ್ದು. ಗಿಡ ಎರಡೇ ತಂದಿದ್ದೀನಿ, ಹಿಚುಕಬೇಡಿ. ನೋಡಬೇಕಂದ್ರೆ ಭಾನುವಾರ ಹೊಲಕ್ಕೇ ಬನ್ನಿ."

ಬಾಯಿಮಾತಿಗೆ ಅಂದದ್ದೆಂದು ಸೊಸೆ ತಿಳಿದಿದ್ದಳು. ಭಾನುವಾರ ಏಳು ಜನ ಬಂದರು. ಅತ್ತೆ ಚಹಾಕ್ಕೆ ನೀರು ಸೇರಿಸಿ ಸೇರಿಸಿ ಗೊಣಗಿದಳು. ಮಗ ಎಲ್ಲರನ್ನೂ ಬದುವಿನ ಮೇಲೆ ನಡೆಸಿಕೊಂಡು ಬಂದು, ಮೊದಲನೆಯವನ ಕೈಗೆ ಗುದ್ದಲಿ ಕೊಟ್ಟ. ಅಪರಿಚಿತ ಮನುಷ್ಯ, ಸಂಕೋಚಪಟ್ಟ.

"ಎಲ್ಲಿ ಅಗೀಲಿ ಯಜಮಾನ್ರೇ?" ಎಂದು ಮಾವನನ್ನು ಕೇಳಿದ.

"ಎಲ್ಲಿ ಬೇಕಾದ್ರೂ."

ಆತ ನಡೆದು ನಡೆದು ಸುಣ್ಣ ಬೀಳದ ಅರ್ಧದ ಕಡೆಗೇ ಹೋದ. ಗಿಡ ಗಿಡ್ಡ, ನೆಲ ಬೂದಿ, ಹೊಲದಲ್ಲೇ ಕಡುಕೆಟ್ಟ ಮೂಲೆ. ಮಗ, ಈ ಕಡೆ ಬನ್ನಿ ಅನ್ನಲು ಹೊರಟ. ಮಾವ ಅವನ ತೋಳು ಹಿಡಿದು ನಿಲ್ಲಿಸಿ, ಅದೇ ತೋಳಿನ ಆಸರೆಯಲ್ಲಿ ಬದುವಿನ ಮೇಲೆ ಕೂತು ಕಾಲು ಚಾಚಿದ.

"ಅಲ್ಲೇ ಅಗೀಲಿ ಬಿಡು" ಅಂದ. "ಅದನ್ನ ನೋಡಿದ ಮೇಲೆ ಈ ಕಡೆ ಬರ್ಲಿ."